ಪರಮಾಣುವೈದ್ಯದ ಮಾಪನದಲ್ಲಿ ಛಾಯಾದ್ರವ್ಯಗಳ ಉಪಾಧಿ

ದೇಹದೊಳಗಣ ರೋಗವನ್ನು ಹೊರಗಿನಿಂದಲೇ ತಿಳಿಯುವುದಕ್ಕೆ ಆಧುನಿಕ ವೈದ್ಯರು ಎರಡು ಬಗೆಯ ನೋಟಗಳನ್ನು ಅವಲಂಬಿಸಿರುವರು. ಅವಯವದ ಆಕಾರವನ್ನು ತೋರಿಸತಕ್ಕದ್ದು ಒಂದು. ಅವಯವದ ವ್ಯಾಪಾರವನ್ನು, ಎಂದರೆ ಅದು ಮಾಡುತ್ತಿರುವ ಕೆಲಸವನ್ನು, ಅಳೆಯತಕ್ಕದ್ದು ಮತ್ತೊಂದು. ಕ್ಷಕಿರಣದ ಪಟ, ಸಿ.ಟಿ., ಎಂ.ಆರ್.ಐ. ಮೊದಲಾದುವು ಮುಖ್ಯವಾಗಿ ಮೊದಲನೆಯ ವರ್ಗಕ್ಕೆ ಸೇರಿದುವು. ವಿಕಿರಣಪಟುವಾದ ಐಸೋಟೋಪನ್ನು ಅತ್ಯಲ್ಪ ಪ್ರಮಾಣದಲ್ಲಿ ಒಳಕ್ಕೆ ಕೊಟ್ಟು, ಅದು ಎಲ್ಲಿ ಎಷ್ಟು ಸೇರಿತೆಂಬುದನ್ನು ಹೊರಗಿನಿಂದ ಎಣಿಸುವ ಪರಮಾಣುವೈದ್ಯವು ಎರಡನೆಯದು. ಆಕಾರವು ಚೆನ್ನಾಗಿ ಕಾಣಲೆಂದು ಕೊಡುವ ದ್ರವ್ಯವು ವ್ಯಾಪಾರದ ಅಳತೆಯನ್ನು ಕೆಡಿಸುವ ಪ್ರಸಂಗಗಳುಂಟು. ಆ ಕೇಡು ಎಷ್ಟು ವಿಧ, ಯಾವುದಕ್ಕೆ ಯಾವ ಪರಿಹಾರ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ವಿಷಯವು ಪಟ್ಟಣದ ಪರಿಣತರಿಗೆ ಮಾತ್ರ ಸಂಬಂಧಿಸಿದುದೆಂದು ವಾಚಕರು ಭಾವಿಸಬಾರದು. ಬೀದರಿನಿಂದ ಭಾಲ್ಕಿಗೆ ಹೋಗುವ ರೈಲುದಾರಿಯಲ್ಲಿ ಹಲಬರ್ಗಾ ಎಂಬ ನಿಲ್ದಾಣವುಂಟು. ಆ ಊರಿನ ಗೃಹಿಣಿಯೊಬ್ಬಳಿಗೆ ಹೊಟ್ಟೆನೋವು ಬಂದು, ಜಿಲ್ಲಾಪಟ್ಟಣದಲ್ಲಿ ಸೂಜಿಮದ್ದು ಚುಚ್ಚಿ ಸಿ.ಟಿ. ತೆಗೆಸಿದರೆಂದು ಇಟ್ಟುಕೊಳ್ಳಬಹುದು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಮೂರು ವಾರಗಳ ತರುವಾಯ, ಎದೆ ಡವಗುಟ್ಟುವುದು, ಕೈ ನಡುಗುವುದು, ಉಣ್ಣುತ್ತಿದ್ದರೂ ಮೈ ಇಳಿಯುವುದು, ಕೊರಳು ತುಸು ಊದಿರುವುದು ಇವುಗಳಿಗಾಗಿ ಆಕೆಯನ್ನು ಹೈದರಾಬಾದಿಗೆ ಕರೆದೊಯ್ದರು. ಅಲ್ಲಿ ವಿಕಿರಣಪಟು ಅಯೋಡಿನ್ನಿನಿಂದ ಥೈರಾಯ್ಡ್ ಗ್ರಂಥಿಯನ್ನು ಅಳೆದರು. ಗ್ರಂಥಿಯು ನೂರಕ್ಕೆ ಎರಡು ಪಾಲನ್ನು ಮಾತ್ರ ಹೀರಿತೆಂದು ಫಲ ಬಂದಿತು. ಹೀರಿಕೆ ಇಷ್ಟು ಕಡಿಮೆಯಾದುದರಿಂದ ಇದು ಗ್ರಂಥಿಯ ತಾತ್ಕಾಲಿಕ ಉರಿಯೂತ, ತಾನಾಗಿ ಇಳಿಯುವುದು ಎಂದು ತೀರ್ಮಾನವಾಯಿತು. ವಾಸ್ತವವಾಗಿ ಆಕೆಗಿದ್ದುದು ಗ್ರಂಥಿಯು ಮಿತಿಮೀರಿ ದುಡಿಯುವ ಗ್ರೇವ್ಸ್ ರೋಗ. ಯಂತ್ರವೂ ಸುಳ್ಳು ಹೇಳಲಿಲ್ಲ, ಎಣಿಸಿದವನೂ ತಪ್ಪಲಿಲ್ಲ. ಆದರೂ ಔಷಧ ಬೇಕಾದವಳು ಔಷಧವಿಲ್ಲದೆ ಊರಿಗೆ ಹಿಂದಿರುಗಿದಳು. ಇದು ಕಲ್ಪಿತ ದೃಷ್ಟಾಂತ. ಆದರೆ ಇದರಲ್ಲಿ ಅಸಂಭವವಾದುದು ಒಂದೂ ಇಲ್ಲ.

ಮೊದಲು ಛಾಯಾದ್ರವ್ಯವೆಂದರೇನೆಂಬುದನ್ನು ಹೇಳತಕ್ಕದ್ದು. ಕ್ಷಕಿರಣಗಳು ಎಲುಬಿನಲ್ಲಿ ತಡೆಯಲ್ಪಡುವುವು. ಮಾಂಸ, ರಕ್ತ, ಕರುಳು ಇವುಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಾದುಹೋಗುವುವು. ಆದಕಾರಣ ಮೃದುವಾದ ಅಂಗಗಳು ಒಂದರೊಡನೊಂದು ಕಲೆತು ಮಸಕಾಗಿ ತೋರುವುವು. ಕಿರಣವನ್ನು ಬಲವಾಗಿ ತಡೆಯುವ ಭಾರವಾದ ಧಾತುವನ್ನು ರಕ್ತನಾಳಕ್ಕೋ ಕರುಳಿಗೋ ಸೇರಿಸಿದರೆ ಅದರ ಗಡಿಗಳು ಎದ್ದು ಕಾಣುವುವು. ಬೀದರಿನ ಕುಶಲಕರ್ಮಿಗಳು ಸತುವು ತಾಮ್ರಗಳ ಮಿಶ್ರಲೋಹದ ಪಾತ್ರೆಯಲ್ಲಿ ಬೆಳ್ಳಿಯ ಎಳೆಗಳನ್ನು ಕೂರಿಸಿ, ಕೋಟೆಯ ಮಣ್ಣಿಗೆ ನವಸಾಗರವನ್ನು ಬೆರೆಸಿ ಲೇಪಿಸುವರು. ಲೋಹವು ಕಪ್ಪಾಗುವುದು, ಬೆಳ್ಳಿಯು ಬೆಳ್ಳಗೇ ಉಳಿಯುವುದು, ಬಳ್ಳಿಯ ಕುಸುರಿ ಆಗ ಕಣ್ಣಿಗೆ ಹೊಡೆಯುವುದು. ಛಾಯಾದ್ರವ್ಯದ ಉಪಕಾರವೂ ಈ ಜಾತಿಯದೇ.

ಕರುಳಿಗೆ ಬೇರಿಯಂ ಸಲ್ಫೇಟಿನ ಬಿಳಿಯ ಹಿಟ್ಟನ್ನು ನೀರಿನಲ್ಲಿ ಕದಡಿ ಕುಡಿಸುವ ಪದ್ಧತಿ ಸುಮಾರು 1910ರಿಂದ ನಡೆದುಬಂದಿದೆ. ಗಸಗಸೆಯ ಎಣ್ಣೆಗೆ ಅಯೋಡಿನ್ನನ್ನು ಕೂಡಿಸಿದ ಲಿಪಿಯೊಡಾಲ್ ಎಂಬ ತೈಲವನ್ನು 1901ರಲ್ಲಿ ಫ್ರಾನ್ಸಿನ ಗೆರ್ಬೆ ಎಂಬವನು ಔಷಧವಾಗಿ ಸಿದ್ಧಪಡಿಸಿದ್ದನು. ಅದನ್ನು ಕ್ಷಕಿರಣಕ್ಕೆ ಒದಗಿಸಿದವರು 1921ರಲ್ಲಿ ಸಿಕಾರ್ ಮತ್ತು ಫಾರೆಸ್ತಿಯೇ. ನೀರಿನಲ್ಲಿ ಕರಗಿ ಮೂತ್ರಪಿಂಡದ ಮೂಲಕ ಹೊರಬೀಳುವ ಅಯೋಡಿನ್ ಸಂಯುಕ್ತವನ್ನು 1929ರಲ್ಲಿ ಮೋಸಸ್ ಸ್ವಿಕ್ ಬಳಕೆಗೆ ತಂದನು. 1969ರಲ್ಲಿ ಸ್ವೀಡನ್ನಿನ ಆಲ್ಮೇನ್ ಸೂಚಿಸಿದ ಮಾರ್ಗದಿಂದ ದೇಹಕ್ಕೆ ಇನ್ನೂ ಸೌಮ್ಯವಾದ ಸಂಯುಕ್ತಗಳು ಹುಟ್ಟಿದುವು, ಇಂದು ಸಿ.ಟಿ.ಗೆ ಚುಚ್ಚುವುದು ಇವುಗಳನ್ನೇ. ಎಂ.ಆರ್.ಐ.ಗೆ ಗ್ಯಾಡೊಲಿನಿಯಂ ಎಂಬ ಬೇರೊಂದು ಧಾತುವಿನ ಸಂಯುಕ್ತವು ಬೇಕು. ಅಲ್ಲಿ ಕಿರಣವನ್ನು ತಡೆಯುವ ಪ್ರಶ್ನೆಯಿಲ್ಲ, ಅಯಸ್ಕಾಂತದ ವ್ಯವಹಾರ ಮಾತ್ರ. ಜನರು ಇವೆಲ್ಲವನ್ನೂ ಡೈ ಎಂದೋ ಬಣ್ಣದ ಮದ್ದೆಂದೋ ಕರೆಯುವರು. ಸೂಜಿಯಲ್ಲಿ ಚುಚ್ಚುವ ಅಯೋಡಿನ್ ದ್ರವಕ್ಕಾದರೋ ನೀರಿನಂತೆ ಯಾವ ಬಣ್ಣವೂ ಇಲ್ಲ. ಈ ಹೆಸರಿನ ತೊಡಕನ್ನು ಮುಂದೆ ಹೇಳಲಾಗುವುದು.

ಇನ್ನು ಐಸೋಟೋಪಿನ ಮಾಪನ. ಹೆವೆಶಿ ಎಂಬ ವಿದ್ವಾಂಸನು ವಿಕಿರಣಪಟುವಾದ ಪರಮಾಣುವನ್ನು ಗುರುತಿನ ಚಾರನಂತೆ ಬಳಸುವ ವಿಧಾನವನ್ನು ರೂಪಿಸಿ 1943ನೆಯ ವರ್ಷದ ನೊಬೆಲ್ ಪಾರಿತೋಷಕವನ್ನು ಪಡೆದನು. ಚಾರನ ಲಕ್ಷಣವೇನೆಂದರೆ, ಅವನು ಜನರ ನಡುವೆ ಜನರಂತೆಯೇ ಇರಬೇಕು, ತನ್ನ ಬರವಿನಿಂದ ಊರಿನ ವ್ಯವಹಾರವು ಕದಲಬಾರದು. ಥೈರಾಯ್ಡಿನ ಹೀರಿಕೆಯನ್ನು ಅಳೆಯಲು ಕೊಡುವ ಅಯೋಡಿನ್ 131ರ ತೂಕವು, ಒಂದು ಗ್ರಾಮನ್ನು ಸಾವಿರ ಕೋಟಿ ಭಾಗ ಮಾಡಿದರೆ ಅದರ ಒಂದು ಭಾಗಕ್ಕಿಂತಲೂ ಕಡಿಮೆಯಾಗಿರಬಹುದು. ಇಷ್ಟು ಅಲ್ಪವಾದುದು ದೇಹವನ್ನು ಕದಲಿಸದು. ಆದರೆ ದೇಹದ ಅಲ್ಪ ಕದಲಿಕೆಯೂ ಇದನ್ನು ಕದಲಿಸುವುದು. ಬಳಕೆಯಲ್ಲಿರುವ ಮುಖ್ಯ ಐಸೋಟೋಪುಗಳ ಅರ್ಧಾಯುಷ್ಯವು ಹೀಗಿದೆ: ಅಯೋಡಿನ್ 131ಕ್ಕೆ 8 ದಿನ, ಟೆಕ್ನೀಷಿಯಂ 99ಎಂ ಎಂಬುದಕ್ಕೆ 6 ಗಂಟೆ, ಫ್ಲೋರಿನ್ 18ಕ್ಕೆ 110 ನಿಮಿಷ. ಭಾರತದಲ್ಲಿ ಅಯೋಡಿನ್ 131 ಟ್ರಾಂಬೆಯ ಪರಮಾಣುಸ್ಥಾವರದಲ್ಲಿ ಸಿದ್ಧವಾಗಿ ಆಸ್ಪತ್ರೆಗಳಿಗೆ ಬರುವುದು. ಮುಂಬಯಿಯ ವಿಕಿರಣ ವೈದ್ಯ ಕೇಂದ್ರವು 1963ರಲ್ಲಿಯೇ ಸ್ಥಾಪಿತವಾಯಿತು.

ಛಾಯಾದ್ರವ್ಯದಿಂದ ಅಳತೆಯು ಕೆಡುವುದೆಂದು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಹೇಳಿಬಿಡುವ ವಾಡಿಕೆಯುಂಟು. ಅದು ಸಾಲದು. ತಾರ್ಕಿಕರ ಪರಿಭಾಷೆಯಲ್ಲಿ ಅಳೆಯಲ್ಪಡುವ ವಸ್ತುವು ಪ್ರಮೇಯ, ಅಳೆಯುವ ಸಾಧನವು ಪ್ರಮಾಣ. ಛಾಯಾದ್ರವ್ಯವು ಕೆಲವೆಡೆ ಪ್ರಮೇಯವನ್ನೇ ಮಾರ್ಪಡಿಸುವುದು. ಆಗ ಅಳತೆ ಸರಿ, ಅಳೆಯಲ್ಪಟ್ಟ ಅಂಗವೇ ಬೇರೆಯಾಗಿದೆ. ಕೆಲವೆಡೆ ಅಂಗವು ಇದ್ದಂತೆಯೇ ಇದ್ದು ಪ್ರಮಾಣದಲ್ಲಿ ದೋಷವುಂಟಾಗುವುದು. ಮತ್ತೆ ಕೆಲವೆಡೆ ಎರಡರ ನಡುವೆ ಓಡಾಡುವ ಚಾರನೇ ದಾರಿ ತಪ್ಪುವನು. ಮೂರಕ್ಕೂ ಫಲವು ಒಂದೇ ತೆರನಾದ ತಪ್ಪು ಸಂಖ್ಯೆಯೆಂದು ತೋರಿದರೂ ಪರಿಹಾರಗಳು ಒಂದೇ ಅಲ್ಲ. ಪ್ರಮಾಣದೋಷವನ್ನು ಲೆಕ್ಕದಿಂದ ಕಂಡುಹಿಡಿಯಬಹುದು. ಪ್ರಮೇಯವು ಮಾರ್ಪಟ್ಟಿದ್ದರೆ ಯಾವ ಲೆಕ್ಕವೂ ನೆರವಾಗದು, ಕಾಯುವುದೊಂದೇ ಗತಿ.

ಪ್ರಮೇಯವು ಮಾರ್ಪಡುವುದಕ್ಕೆ ಥೈರಾಯ್ಡಿಗಿಂತ ಸ್ಪಷ್ಟವಾದ ಉದಾಹರಣೆಯಿಲ್ಲ. ಕೊರಳಿನ ಮುಂಭಾಗದಲ್ಲಿರುವ ಈ ಗ್ರಂಥಿಯು ರಕ್ತದಿಂದ ಅಯೋಡಿನ್ನನ್ನು ಹೀರಿ ತನ್ನ ರಸವನ್ನು ತಯಾರಿಸುವುದು. ಇದು ಊದಿದಾಗ ಉಂಟಾಗುವ ಗಳಗಂಡವನ್ನು ಸುಶ್ರುತಸಂಹಿತೆಯೂ ಬಲ್ಲದು. ಅಯೋಡಿನ್ನಿನ ಕೊರತೆಯಿಂದ ಅದು ಬರುವುದೆಂಬ ಜ್ಞಾನವು ಮಾತ್ರ ಈಚಿನದು. ವಯಸ್ಕನಿಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 150 ಮೈಕ್ರೋಗ್ರಾಂ. ಸಿ.ಟಿ.ಗೆ ಚುಚ್ಚುವ ದ್ರವದ ಪ್ರತಿ ಮಿಲಿಲೀಟರಿನಲ್ಲಿ 300 ಮಿಲಿಗ್ರಾಂ ಅಯೋಡಿನ್ ಇದ್ದು, 100 ಮಿಲಿಲೀಟರು ಚುಚ್ಚಿದರೆಂದು ಇಟ್ಟುಕೊಂಡರೆ, ಒಟ್ಟು 30 ಗ್ರಾಂ ಆಯಿತು. ಭಾಗಿಸಿ ನೋಡಿದರೆ ಇದು ಎರಡು ಲಕ್ಷ ದಿನಗಳ, ಎಂದರೆ ಐನೂರು ವರ್ಷಗಳಿಗೂ ಮಿಗಿಲಾದ, ಗ್ರಾಸ. ಇದರಲ್ಲಿ ಬಹುಭಾಗವು ಸಂಯುಕ್ತದಲ್ಲಿ ಬಿಗಿಯಾಗಿ ಕಟ್ಟುಬಿದ್ದಿರುವುದು, ಗ್ರಂಥಿಗೆ ಎಟುಕದು, ಮೂತ್ರಪಿಂಡಗಳು ಸರಿಯಾಗಿದ್ದರೆ ಒಂದು ದಿನದೊಳಗೆ ಹೆಚ್ಚುಕಡಿಮೆ ಎಲ್ಲವೂ ಹೊರಬೀಳುವುದು. ಆದರೆ ದ್ರವದಲ್ಲಿ ಮೊದಲಿನಿಂದಲೇ ಬಿಡಿಯಾಗಿರುವ ಅಯೋಡೈಡ್ ಸ್ವಲ್ಪವುಂಟು. ದೇಹದೊಳಗೆ ಕಟ್ಟು ಬಿಚ್ಚಿ ಹೊರಬರುವುದೂ ಸ್ವಲ್ಪವುಂಟು. ಮಿಲಿಲೀಟರಿಗೆ ಕೇವಲ 10 ಮೈಕ್ರೋಗ್ರಾಂ ಬಿಡಿಯಾಗಿದೆಯೆಂದು ಹಿಡಿದರೂ ನೂರು ಮಿಲಿಲೀಟರಿಗೆ ಅದು 1000 ಮೈಕ್ರೋಗ್ರಾಂ. ಒಂದೇ ಕ್ಷಣದಲ್ಲಿ ಸುಮಾರು ಒಂದು ವಾರದ ಅಯೋಡಿನ್.

ಇದರ ಪರಿಣಾಮವು ಎರಡು ಮೆಟ್ಟಿಲುಗಳಲ್ಲಿ ನಡೆಯುವುದು. ಮೊದಲನೆಯದು ಕೇವಲ ಹಂಚಿಕೆಯ ಗಣಿತ. ಗ್ರಂಥಿಯು ರಕ್ತದಲ್ಲಿರುವ ಅಯೋಡಿನ್ನಿನಲ್ಲಿ ಐದರಲ್ಲೊಂದು ಪಾಲನ್ನು ಹೀರುತ್ತಿದ್ದರೆ, ಚಾರನಾದ ಐಸೋಟೋಪಿನಲ್ಲಿಯೂ ನೂರಕ್ಕೆ 20 ಪಾಲು ಅಲ್ಲಿಗೆ ಸೇರುವುದು. ರಕ್ತದ ಅಯೋಡಿನ್ ಹತ್ತುಪಟ್ಟಾಗಿ ಗ್ರಂಥಿಯ ಅಗತ್ಯವು ಮೊದಲಿನಷ್ಟೇ ಇದ್ದರೆ, ಅದೇ ಗ್ರಂಥಿಯು ಐವತ್ತರಲ್ಲೊಂದು ಪಾಲನ್ನು ಮಾತ್ರ ಹೀರುವುದು. ಫಲವು ನೂರಕ್ಕೆ 2 ಆಗುವುದು. ಜಾತ್ರೆಯ ಜನದಲ್ಲಿ ಚಾರನು ಒಳಗೆ ನುಗ್ಗಲಾರದೆ ಹೊರಗುಳಿದಂತೆ. ಎರಡನೆಯ ಮೆಟ್ಟಿಲು ಗ್ರಂಥಿಯ ಸ್ವಂತ ಪ್ರತಿಕ್ರಿಯೆ. ಅಯೋಡಿನ್ ಅತಿಯಾದಾಗ ಗ್ರಂಥಿಯು ರಸದ ತಯಾರಿಕೆಯನ್ನು ತಾನೇ ತಡೆಹಿಡಿಯುವುದೆಂದು ವುಲ್ಫ್ ಮತ್ತು ಚೈಕಾಫ್ ಎಂಬವರು 1948ರಲ್ಲಿ ಇಲಿಗಳ ಮೇಲಣ ಪ್ರಯೋಗದಿಂದ ತೋರಿಸಿದರು. ಆ ತಡೆ ಕೆಲವು ದಿನಗಳಲ್ಲಿ ಸಡಿಲುವುದು. ಆದರೆ ಸಡಿಲುವ ಬಗೆಯೇನೆಂದರೆ, ಅಯೋಡಿನ್ನನ್ನು ಒಳಕ್ಕೆ ಸೆಳೆಯುವ ಬಾಗಿಲುಗಳನ್ನೇ ಗ್ರಂಥಿಯು ಕಡಿಮೆಮಾಡಿಕೊಳ್ಳುವುದು. ಹೀರಿಕೆಯನ್ನು ಅಳೆಯುವವನಿಗೆ ಎರಡರಿಂದಲೂ ನಷ್ಟ. ಟೆಕ್ನೀಷಿಯಮ್ಮಿನಿಂದ ಅಳೆದರೆ ಈ ತೊಂದರೆಯಿಲ್ಲವೆಂದು ಕೆಲವರು ತಿಳಿಯುವರು; ಅದು ಸರಿಯಲ್ಲ, ಅದೂ ಅದೇ ಬಾಗಿಲಿನಿಂದಲೇ ಒಳಹೋಗತಕ್ಕದ್ದು.

ನೀರಿನಲ್ಲಿ ಕರಗುವ ಛಾಯಾದ್ರವ್ಯವನ್ನು ಕೊಟ್ಟಮೇಲೆ ಹೀರಿಕೆಯ ಪರೀಕ್ಷೆಗೂ ವಿಕಿರಣಪಟು ಅಯೋಡಿನ್ನಿನ ಚಿಕಿತ್ಸೆಗೂ 4ರಿಂದ 8 ವಾರಗಳ ಅಂತರವಿರಬೇಕೆಂಬುದು ಈಗಿನ ಸಾಮಾನ್ಯ ವಿಧಿ. ಲಿಪಿಯೊಡಾಲಿನಂಥ ತೈಲವಾದರೆ ವಾರಗಳ ಲೆಕ್ಕ ನಡೆಯದು. ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ಇನ್ನೂ ದೀರ್ಘಕಾಲ, ಅಯೋಡಿನ್ನನ್ನು ಜಿನುಗಿಸುತ್ತಲೇ ಇರುವುದು. ಮಕ್ಕಳಾಗದವರ ಗರ್ಭನಾಳದ ಪರೀಕ್ಷೆಗೆ ಈ ತೈಲವನ್ನು ಇಂದಿಗೂ ಬಳಸುವುದುಂಟಾದುದರಿಂದ ಹೆಂಗಸರ ಥೈರಾಯ್ಡ್ ಪರೀಕ್ಷೆಗೆ ಮುಂಚೆ ಇದನ್ನು ಪ್ರತ್ಯೇಕವಾಗಿ ಕೇಳತಕ್ಕದ್ದು. ವಾರಗಳನ್ನು ಎಣಿಸುವುದರ ಬದಲು ಮೂತ್ರದಲ್ಲಿ ಅಯೋಡಿನ್ ಎಷ್ಟಿದೆಯೆಂದು ನೋಡುವುದು ಇನ್ನೂ ಯುಕ್ತ; ಮೂತ್ರಪಿಂಡವು ದುರ್ಬಲವಾಗಿರುವವನಿಗೂ ಸಬಲವಾಗಿರುವವನಿಗೂ ಒಂದೇ ಗಡುವು ಒಪ್ಪಲಾರದಷ್ಟೆ.

ಹಲಬರ್ಗಾದ ಗೃಹಿಣಿಯ ದೃಷ್ಟಾಂತದಲ್ಲಿ ನಡೆದ ಅನುಮಾನವನ್ನು ಈಗ ಪರಿಶೀಲಿಸಬಹುದು. ಗ್ರಂಥಿಯ ರಸವು ರಕ್ತದಲ್ಲಿ ಹೆಚ್ಚಿರುವಾಗ ಹೀರಿಕೆಯೂ ಹೆಚ್ಚಿದ್ದರೆ ಗ್ರಂಥಿಯು ಮಿತಿಮೀರಿ ದುಡಿಯುತ್ತಿದೆ. ಹೀರಿಕೆ ಕಡಿಮೆಯಿದ್ದರೆ ಉರಿಯೂತದಿಂದ ಗ್ರಂಥಿಯೊಡೆದು ಹಳೆಯ ರಸವು ಸೋರುತ್ತಿದೆ. ಮೊದಲನೆಯದಕ್ಕೆ ಗ್ರಂಥಿಯನ್ನು ತಡೆಯುವ ಮಾತ್ರೆಗಳೋ ವಿಕಿರಣಪಟು ಅಯೋಡಿನ್ನೋ ಬೇಕು. ಎರಡನೆಯದಕ್ಕೆ ಅವು ವ್ಯರ್ಥ. ವೈದ್ಯಶಾಸ್ತ್ರದ ಈ ನಿಯಮವು ಸಾಧುವಾದುದೇ. ಆದರೆ ಬೆಂಕಿಯಿರುವಲ್ಲೆಲ್ಲ ಹೊಗೆಯಿರುವುದೆಂಬ ವ್ಯಾಪ್ತಿಯು ಹಸಿಸೌದೆಯೆಂಬ ಉಪಾಧಿಯನ್ನು ಅಪೇಕ್ಷಿಸುವಂತೆ, ಹೀರಿಕೆ ಕಡಿಮೆಯಿರುವಲ್ಲೆಲ್ಲ ಉರಿಯೂತವೆಂಬ ವ್ಯಾಪ್ತಿಯೂ ಒಂದು ಉಪಾಧಿಯನ್ನು ಅಪೇಕ್ಷಿಸುವುದು: ಹೊರಗಿನ ಅಯೋಡಿನ್ ದೇಹವನ್ನು ತುಂಬಿರಬಾರದು. ಆ ಉಪಾಧಿಯನ್ನು ಪರೀಕ್ಷಿಸದೆ ಮಾಡಿದ ಅನುಮಾನವು ದುಷ್ಟ. ಇನ್ನೊಂದು ತೊಡಕೂ ಇದೆ. ಗಂಟುಗಳುಳ್ಳ ಹಳೆಯ ಗಳಗಂಡದವರಲ್ಲಿ ಛಾಯಾದ್ರವ್ಯದ ಅಯೋಡಿನ್ನೇ ಗ್ರಂಥಿಯನ್ನು ಕೆರಳಿಸಿ ರಸವನ್ನು ಹೆಚ್ಚಿಸುವುದುಂಟು. ಅಲ್ಲಿಯೂ ಹೀರಿಕೆ ಕಡಿಮೆಯಾಗಿಯೇ ತೋರುವುದು. ಹೀಗೆ ಒಂದೇ ಸಂಖ್ಯೆಗೆ ಮೂರು ಕಾರಣಗಳಾದುವು. ಕಾಯುವುದಕ್ಕೆ ಅವಕಾಶವಿಲ್ಲದಿದ್ದರೆ ಗ್ರೇವ್ಸ್ ರೋಗದಲ್ಲಿ ಕಾಣುವ ಪ್ರತಿಕಾಯಗಳನ್ನು ರಕ್ತದಲ್ಲಿ ಅರಸುವುದು, ಗ್ರಂಥಿಯ ರಕ್ತಪ್ರವಾಹವನ್ನು ಅಲ್ಟ್ರಾಸೌಂಡಿನಿಂದ ನೋಡುವುದು ಇವು ಅಯೋಡಿನ್ನಿನ ಹಂಗಿಲ್ಲದ ಮಾರ್ಗಗಳು.

ಥೈರಾಯ್ಡಿನ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ಉಳಿದ ಕಣಗಳನ್ನು ಸುಡಲು ಅಯೋಡಿನ್ 131ನ್ನು ದೊಡ್ಡ ಪ್ರಮಾಣದಲ್ಲಿ ಕೊಡುವಲ್ಲಿ ಈ ದೋಷವು ಇನ್ನೂ ದುಬಾರಿಯಾದುದು. ಅಲ್ಲಿ ಕೆಡುವುದು ಅಳತೆಯಲ್ಲ, ಚಿಕಿತ್ಸೆಯೇ. ರೋಗಿಯು ವಿಕಿರಣವನ್ನು ಮೈಮೇಲೆ ತೆಗೆದುಕೊಂಡೂ ಅದರ ಫಲವನ್ನು ಪೂರ್ತಿಯಾಗಿ ಪಡೆಯಲಾರನು.

ಪ್ರಮಾಣದೋಷದ ವಿಚಾರವು ಬೇರೆ. ಅದಕ್ಕೆ ಪೆಟ್ ಎಂಬ ಪರೀಕ್ಷೆಯನ್ನು ತೆಗೆದುಕೊಳ್ಳಬಹುದು. ಫ್ಲೋರಿನ್ 18 ಕೂಡಿಸಿದ ಒಂದು ಬಗೆಯ ಸಕ್ಕರೆಯನ್ನು ಚುಚ್ಚಿ ಸುಮಾರು ಒಂದು ಗಂಟೆಯ ಮೇಲೆ ನೋಡಿದರೆ, ಸಕ್ಕರೆಯನ್ನು ಅತಿಯಾಗಿ ತಿನ್ನುವ ಅರ್ಬುದದ ಗಡ್ಡೆಗಳು ಬೆಳಗುವುವು. ಆ ಬೆಳಕಿನ ಪ್ರಮಾಣವನ್ನು ಎಸ್.ಯು.ವಿ. ಎಂಬ ಸಂಖ್ಯೆಯಿಂದ ಹೇಳುವರು. ಮದ್ದು ಮೈಯಲ್ಲೆಲ್ಲ ಸಮನಾಗಿ ಹರಡಿದ್ದರೆ ಅದು 1. ಔಷಧದಿಂದ ಗಡ್ಡೆ ಕುಗ್ಗುತ್ತಿದೆಯೋ ಇಲ್ಲವೋ ಎಂಬುದನ್ನು ಈ ಸಂಖ್ಯೆಯ ಇಳಿತದಿಂದ ತಿಳಿಯುವರಾದುದರಿಂದ ಇದರಲ್ಲಿ ತಪ್ಪಾದರೆ ಔಷಧವನ್ನು ಮುಂದುವರಿಸುವ ಅಥವಾ ಬದಲಾಯಿಸುವ ನಿರ್ಣಯವೇ ತಪ್ಪೀತು.

ದೇಹದಾಳದಿಂದ ಹೊರಡುವ ಕಿರಣಗಳಲ್ಲಿ ಕೆಲವು ಮೈಯಲ್ಲಿಯೇ ಅಡಗುವುವು. ಎಷ್ಟು ಅಡಗಿದುವೆಂದು ಲೆಕ್ಕ ಹಾಕಿ ಕೂಡಿಸಿಕೊಳ್ಳದಿದ್ದರೆ ಆಳದ ಗಡ್ಡೆಯು ಮಂಕಾಗಿ ತೋರುವುದು. ಸಿ.ಟಿ. ಯಂತ್ರದಿಂದ ಹೌನ್ಸ್‌ಫೀಲ್ಡನು 1971ರಲ್ಲಿ ಮೊದಲ ರೋಗಿಯ ಚಿತ್ರವನ್ನು ತೆಗೆದನು. ಅದನ್ನು ಪೆಟ್ ಯಂತ್ರದೊಡನೆ ಒಂದೇ ಕವಚದಲ್ಲಿ ಜೋಡಿಸಿದ ಮೊದಲ ಮಾದರಿಯು 1998ರಲ್ಲಿ ಅಮೇರಿಕದ ಪಿಟ್ಸ್‌ಬರ್ಗಿನಲ್ಲಿ ಕೆಲಸಮಾಡತೊಡಗಿತು. ಅಂದಿನಿಂದ ಈ ಕೂಡಿಕೆಯ ಲೆಕ್ಕಕ್ಕೆ ಸಿ.ಟಿ.ಯ ಚಿತ್ರವೇ ಆಧಾರವಾಯಿತು. ತೊಡಕು ಇಲ್ಲಿಯೇ. ಸಿ.ಟಿ.ಯ ಕಿರಣಗಳ ಶಕ್ತಿ ಸರಾಸರಿ ಸುಮಾರು 70 ಕಿಲೋ ಎಲೆಕ್ಟ್ರಾನ್ ವೋಲ್ಟ್. ಪೆಟ್ಟಿನ ಕಿರಣಗಳದು 511. ಕೆಳಗಿನ ಶಕ್ತಿಯಲ್ಲಿ ಅಯೋಡಿನ್ ಗ್ರಾಂಗೆ ಗ್ರಾಂ ನೀರಿಗಿಂತ ಸುಮಾರು 25 ಪಟ್ಟು ಹೆಚ್ಚು ಕಿರಣವನ್ನು ತಡೆಯುವುದು. 511ರಲ್ಲಿಯಾದರೋ ಅಯೋಡಿನ್ನಿಗೂ ನೀರಿಗೂ ಹೆಚ್ಚಿನ ಭೇದವಿಲ್ಲ. ಅಯೋಡಿನ್ ತುಂಬಿದ ರಕ್ತನಾಳವು ಸಿ.ಟಿ.ಯಲ್ಲಿ ಎಲುಬಿನಂತೆ ಬೆಳ್ಳಗೆ ತೋರುವುದು. ಗಣಕವು ಅದನ್ನು ಎಲುಬೆಂದೇ ತಿಳಿದು, ಇಲ್ಲಿ ಬಹಳ ಕಿರಣವು ಅಡಗಿರಬೇಕೆಂದು ಊಹಿಸಿ, ಅಡಗದಿದ್ದುದನ್ನೂ ಸೇರಿಸಿ ಲೆಕ್ಕವನ್ನು ಉಬ್ಬಿಸುವುದು. ದಾಸವಾಳದ ಹೂವನ್ನು ಹತ್ತಿರವಿಟ್ಟಾಗ ಸ್ಫಟಿಕವು ಕೆಂಪಾಗಿ ತೋರುವುದಷ್ಟೆ. ಕೆಂಪು ಹೂವಿನದು, ಸ್ಫಟಿಕದ್ದಲ್ಲ. ಇಲ್ಲಿ ಗಡ್ಡೆಗೆ ಅಂಟಿದ ಹೆಚ್ಚಳವೂ ಛಾಯಾದ್ರವ್ಯದ್ದು, ಗಡ್ಡೆಯದಲ್ಲ.

ದೋಷವುಂಟೆಂದ ಮಾತ್ರಕ್ಕೆ ಅದು ದೊಡ್ಡದೆಂದು ಭಾವಿಸಲಾಗದು. ಈ ವಿಷಯದಲ್ಲಿ ಭಯವನ್ನು ಅತಿಯಾಗಿ ಹಬ್ಬಿಸಿದವರೂ ಉಂಟು. ನೀರು 511ರಲ್ಲಿ ಸೆಂಟಿಮೀಟರಿಗೆ 0.096ರಂತೆ ಕಿರಣವನ್ನು ತಡೆಯುವುದು. ಒಂದೂವರೆ ಸೆಂಟಿಮೀಟರು ದಪ್ಪದ ನಾಳವು ಛಾಯಾದ್ರವ್ಯದಿಂದ ಹೊಳೆದು, ಗಣಕವು ಅದನ್ನು 0.111 ಎಂದು ಎಣಿಸಿದರೆ, ಆ ನಾಳವನ್ನು ಹಾದ ಕಿರಣದ ಲೆಕ್ಕದಲ್ಲಿ ಬರುವ ಹೆಚ್ಚಳವು ನೂರಕ್ಕೆ ಸುಮಾರು 2. ಇದರಿಂದ ಯಾವ ನಿರ್ಣಯವೂ ಕೆಡದು. ಆದರೆ ಕರುಳಿನಲ್ಲಿ ಗಟ್ಟಿಯಾದ ಬೇರಿಯಂ ನಾಲ್ಕು ಸೆಂಟಿಮೀಟರಿನಷ್ಟು ನಿಂತು, ಗಣಕವು ಅದನ್ನು 0.147 ಎಂದು ಎಣಿಸಿದರೆ, ಹೆಚ್ಚಳವು ನೂರಕ್ಕೆ 22ರ ಮೇಲಾಗುವುದು. ತೋಳಿನಲ್ಲಿ ಚುಚ್ಚಿದ ದ್ರವವು ಇನ್ನೂ ರಕ್ತದೊಡನೆ ಬೆರೆಯದೆ ಕೊರಳೆಲುಬಿನ ಕೆಳಗಿನ ಅಭಿಧಮನಿಯಲ್ಲಿ ದಟ್ಟವಾಗಿರುವಾಗ ಸಿ.ಟಿ. ತೆಗೆದರೆ, ಅಲ್ಲಿ ಇಲ್ಲದ ಗಡ್ಡೆಯೊಂದು ಬೆಳಗಿದಂತೆ ತೋರಿದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಇದರ ಪರಿಹಾರವು ಯಂತ್ರದೊಳಗೇ ಇದೆ. ಕೂಡಿಕೆಯ ಲೆಕ್ಕವನ್ನು ಮಾಡದ ಮೂಲಚಿತ್ರವನ್ನೂ ತೆಗೆದು ನೋಡಬೇಕು. ಹೊಳಪು ಅಲ್ಲಿ ಕಾಣದಿದ್ದರೆ ಅದು ಸ್ಫಟಿಕದ ಕೆಂಪು. ಮೊದಲು ಛಾಯಾದ್ರವ್ಯವಿಲ್ಲದೆ ಲಘುವಾದ ಸಿ.ಟಿ., ಆಮೇಲೆ ಪೆಟ್, ಕಡೆಗೆ ಛಾಯಾದ್ರವ್ಯದ ಸಿ.ಟಿ. ಎಂಬ ಕ್ರಮದಿಂದ ಮಾಡಿದರೆ ಪ್ರಶ್ನೆಯೇ ಏಳದು. ಚಿಕಿತ್ಸೆಯ ಮುಂಚೆ ಒಂದು, ಅನಂತರ ಒಂದು ಪರೀಕ್ಷೆ ನಡೆಯುವಲ್ಲಿ ಎರಡನ್ನೂ ಒಂದೇ ರೀತಿಯಲ್ಲಿ ನಡೆಸಬೇಕೆಂಬುದು ಮಾತ್ರ ಕಡ್ಡಾಯ. ಒಂದನ್ನು ಛಾಯಾದ್ರವ್ಯದೊಡನೆಯೂ ಇನ್ನೊಂದನ್ನು ಅದಿಲ್ಲದೆಯೂ ತೆಗೆದು ಸಂಖ್ಯೆಗಳನ್ನು ಹೋಲಿಸುವುದು ಎರಡು ತಕ್ಕಡಿಗಳಲ್ಲಿ ತೂಗಿದ ಹಾಗೆ.

ಬೇರಿಯಮ್ಮಿಗೆ ಇದರ ವಿಪರೀತವಾದ ಇನ್ನೊಂದು ದೋಷವುಂಟು. ಟೆಕ್ನೀಷಿಯಮ್ಮಿನ ಕಿರಣವು 140 ಕಿಲೋ ಎಲೆಕ್ಟ್ರಾನ್ ವೋಲ್ಟಿನದು. ಕರುಳಿನಲ್ಲಿ ಉಳಿದ ಬೇರಿಯಂ ಅದನ್ನು ನಿಜವಾಗಿಯೇ ತಡೆಯುವುದು. ಸಾದಾ ಗ್ಯಾಮಾ ಕ್ಯಾಮೆರಾದ ಪಟದಲ್ಲಿ ಅದರ ಹಿಂದಿರುವುದೆಲ್ಲ ಕಪ್ಪು ಕಿಂಡಿಯಂತೆ ಬರಿದಾಗಿ ತೋರುವುದು. ಬೇರಿಯಂ ಹೊರಬಿದ್ದ ಮೇಲೆಯೇ ಅಂಥ ಪರೀಕ್ಷೆಯನ್ನು ಮಾಡತಕ್ಕದ್ದು.

ಚಾರನೇ ದಾರಿತಪ್ಪುವ ಮೂರನೆಯ ಬಗೆಯು ವಿರಳವಾದುದು. ಎರಡು ಮಾತು ಸಾಕು. ಕರುಳಿನಲ್ಲಿ ರಕ್ತ ಸೋರುವ ಸ್ಥಳವನ್ನು ಹುಡುಕಲು ರೋಗಿಯ ಕೆಂಪುಕಣಗಳಿಗೆ ಟೆಕ್ನೀಷಿಯಮ್ಮನ್ನು ಅಂಟಿಸುವರು. ಅಯೋಡಿನ್ ಛಾಯಾದ್ರವ್ಯವು ರಕ್ತದಲ್ಲಿದ್ದರೆ ಅಂಟಿಕೆಯು ಸಡಿಲವಾಗುವುದೆಂದು ಹೇಳಿದೆ. ಗ್ಯಾಲಿಯಂ 67 ರಕ್ತದಲ್ಲಿ ಕಬ್ಬಿಣವನ್ನು ಹೊರುವ ಪ್ರೋಟೀನಿನ ಬೆನ್ನೇರಿ ಹೋಗುವುದು. ಸ್ವಲ್ಪ ಮುಂಚೆ ಎಂ.ಆರ್.ಐ.ಗಾಗಿ ಗ್ಯಾಡೊಲಿನಿಯಂ ಕೊಟ್ಟಿದ್ದರೆ ಅದರ ಹರಡಿಕೆ ಬೇರೆಯಾದ ವರದಿಗಳುಂಟು. ಮೂತ್ರಪಿಂಡದ ಸೋಸುವ ಶಕ್ತಿಯನ್ನು ಟೆಕ್ನೀಷಿಯಮ್ಮಿನಿಂದ ಅಳೆಯುವ ಪರೀಕ್ಷೆಯಾದರೋ ಮತ್ತೆ ಮೊದಲನೆಯ ವರ್ಗಕ್ಕೆ ಸೇರತಕ್ಕದ್ದು: ದುರ್ಬಲವಾದ ಮೂತ್ರಪಿಂಡವು ಅಯೋಡಿನ್ ದ್ರವದಿಂದ ಕೆಲವು ದಿನ ಇನ್ನಷ್ಟು ಸೊರಗಬಹುದು, ಆಗ ಅಳೆದರೆ ಸೊರಗಿದ ಸ್ಥಿತಿಯ ಅಳತೆಯೇ ಸಿಕ್ಕೀತು.

ಮೀಮಾಂಸಾಸೂತ್ರಗಳ ಐದನೆಯ ಅಧ್ಯಾಯವು ಕರ್ಮಗಳ ಕ್ರಮವಿಚಾರಕ್ಕೇ ಮೀಸಲಾಗಿದೆ. ಆಸ್ಪತ್ರೆಗಳಲ್ಲಿಯೂ ಅಂಥದೊಂದು ವಿಚಾರವು ಬೇಕು. ಎರಡು ಪರೀಕ್ಷೆಗಳೂ ಬೇಕಾಗಿ ಅವಸರವಿಲ್ಲದಿದ್ದರೆ ಐಸೋಟೋಪಿನದು ಮೊದಲು, ಛಾಯಾದ್ರವ್ಯದ್ದು ಆಮೇಲೆ. ಆದರೆ ಮಹಾಧಮನಿ ಸೀಳಿದವನಿಗೆ ಛಾಯಾದ್ರವ್ಯವನ್ನು ಥೈರಾಯ್ಡಿನ ನೆಪದಿಂದ ತಡೆದರೆ ಅದು ಶಾಸ್ತ್ರವಲ್ಲ, ಮೌಢ್ಯ.

ಎರಡು ಪರೀಕ್ಷೆಗಳೂ ಒಂದೇ ಛಾವಣಿಯ ಕೆಳಗೆ ನಡೆದರೆ ಕ್ರಮವನ್ನು ಕಾಯುವುದು ಸುಲಭ. ಬೀದರ ಜಿಲ್ಲೆಯವರಿಗೆ ಹಾಗಿಲ್ಲ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆಯು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತು. ದೊಡ್ಡ ಕಾಯಿಲೆಗೆ ಹೈದರಾಬಾದಿಗೆ ಹೋಗುವ ರೂಢಿಯು ರಾಜ್ಯ ಬದಲಾದರೂ ಬದಲಾಗಲಿಲ್ಲ. ಬೀದರಿನಿಂದ ಅದು ಸುಮಾರು 140 ಕಿಲೋಮೀಟರು; ಬೆಂಗಳೂರಾದರೋ ಒಂದು ರಾತ್ರಿಯ ಪ್ರಯಾಣ. ಅಲ್ಲಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಪರಮಾಣುವೈದ್ಯದ ವಿಭಾಗವುಂಟು. ಹೀಗೆ ಸಿ.ಟಿ. ಒಂದು ರಾಜ್ಯದಲ್ಲಿ, ಐಸೋಟೋಪು ಇನ್ನೊಂದು ರಾಜ್ಯದಲ್ಲಿ. ನಡುವಣ ವೃತ್ತಾಂತವನ್ನು ಹೊತ್ತು ತರತಕ್ಕವನು ರೋಗಿಯೇ. ಆತನು ಪಟದ ದೊಡ್ಡ ಹಾಳೆಯನ್ನು ಜೋಪಾನವಾಗಿ ತರುವನು. ಚುಚ್ಚಿದ ದ್ರವದ ಹೆಸರು ಮತ್ತು ಪ್ರಮಾಣಗಳಿರುವ ಚೀಟಿ ಮನೆಯಲ್ಲಿಯೇ ಉಳಿಯುವುದು. ಅನೇಕ ವೇಳೆ ಅಂಥ ಚೀಟಿಯನ್ನು ಯಾರೂ ಬರೆದೇ ಇರುವುದಿಲ್ಲ.

ಇನ್ನು ಕೇಳುವ ಮಾತು. ಭಾಲ್ಕಿ ಔರಾದ ಕಡೆಯವರ ಮನೆಗಳಲ್ಲಿ ಕನ್ನಡವೂ ಮರಾಠಿಯೂ ಉರ್ದುವೂ ತೆಲುಗೂ ನಡೆಯುವುವು. ಆಸ್ಪತ್ರೆಯ ಕಾಗದಗಳಾದರೋ ಇಂಗ್ಲಿಷಿನವು. ಈಚೆಗೆ ಡೈ ಹಾಕಿಸಿಕೊಂಡಿದ್ದೀರಾ ಎಂದರೆ ತಲೆಗೂದಲಿನ ಬಣ್ಣವೆಂದು ತಿಳಿಯುವವರುಂಟು. ಬಣ್ಣದ ಮದ್ದೆಂದರೆ, ಕಂಡುದು ನೀರಿನಂಥ ದ್ರವವಾದುದರಿಂದ, ಇಲ್ಲವೆಂದೇ ಉತ್ತರ ಬರುವುದು. ಅಯೋಡಿನ್ ದ್ರವವನ್ನು ಯಂತ್ರದಿಂದ ವೇಗವಾಗಿ ಚುಚ್ಚಿದಾಗ ಮೈಯೆಲ್ಲ ಬಿಸಿಯೇರಿ, ಬಾಯಲ್ಲಿ ಲೋಹದ ರುಚಿ ಬಂದು, ಮೂತ್ರವೇ ಹೋಯಿತೇನೋ ಎಂಬ ಭ್ರಾಂತಿಯಾಗುವುದು. ಈ ಅನುಭವವನ್ನು ಒಮ್ಮೆ ಪಟ್ಟವರು ಮರೆಯುವುದಿಲ್ಲ. ಆದುದರಿಂದ ಕೇಳತಕ್ಕ ಪ್ರಶ್ನೆ ಹೀಗಿರಬೇಕು: ಕಳೆದ ಎರಡು ತಿಂಗಳಲ್ಲಿ ದೊಡ್ಡ ಯಂತ್ರದೊಳಗೆ ಮಲಗಿಸಿ, ಕೈಗೆ ಸೂಜಿ ಚುಚ್ಚಿ, ಮೈ ಬಿಸಿಯಾದುದುಂಟೆ? ಹೃದಯದ ನಾಳಗಳ ಪರೀಕ್ಷೆಯನ್ನೂ ಸ್ಟೆಂಟ್ ಕೂರಿಸಿದುದನ್ನೂ ಜೊತೆಗೆ ಕೇಳತಕ್ಕದ್ದು. ಅವುಗಳಲ್ಲಿ ಚುಚ್ಚುವುದೂ ಅದೇ ದ್ರವವೇ, ಆದರೆ ರೋಗಿಯು ಅದನ್ನು ಸ್ಕ್ಯಾನೆಂದು ಎಣಿಸುವುದಿಲ್ಲ.

ಸಿ.ಟಿ. ತೆಗೆದ ಸ್ಥಳದವರು ಪಟದ ಲಕೋಟೆಯ ಮೇಲೆ ನಾಲ್ಕು ಸಂಗತಿಗಳನ್ನು ಬರೆದುಕೊಟ್ಟರೆ ಮುಂದಿನವನ ಕೆಲಸ ಸುಗಮವಾಗುವುದು: ದ್ರವ್ಯದ ಹೆಸರು, ಎಷ್ಟು ಮಿಲಿಲೀಟರು, ಬಾಯಿಂದಲೋ ನಾಳದಿಂದಲೋ, ಯಾವ ತಾರೀಖು. ಲಕೋಟೆಯಾದರೆ ರೋಗಿಯು ಅದನ್ನು ಮನೆಯಲ್ಲಿ ಬಿಟ್ಟುಬರಲಾರನು.